ಹೊಗೆ ಎಲ್ಲಿಂದ ಹೋಗ್ತಿತ್ತು ಅಂತ ಮೊದ್ಲು ಕೇಳಿ

ಇಂಗ್ಲೆಂಡಿನ ಹಳೇ ಮರದ ಚೌಕಟ್ಟಿನ ಮನೆಗಳ ಬಗ್ಗೆ ಹೋದ ಸಂಚಿಕೇಲಿ ಎರಡು ಸಾಲು ಬರೆದಿದ್ದೆ ಅಷ್ಟೇ, ಇಷ್ಟೊಂದು ಪತ್ರ ಬರ್ತಾವೆ ಅಂತ ಅಂದ್ಕೊಂಡಿರ್ಲಿಲ್ಲ. ಸಸೆಕ್ಸ್ ಕಡೆ ಹಳೇ ಕಟ್ಟಡಗಳ ಸರ್ವೇ ಕೆಲಸ ಮಾಡ್ಕೊಂಡು ಬಂದವನು ನಾನು, ಈ ವಿಷ್ಯ ಎತ್ತಿದ್ರೆ ನನ್ನ ಬಾಯಿ ನಿಲ್ಲಲ್ಲ, ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ. ಅಂದಹಾಗೆ ಇಲ್ಲಿ ಫಾರ್ಮ್‌ಹೌಸ್ ಅಂದ್ರೆ ವೀಕೆಂಡಿಗೆ ಹೋಗಿ ಮಜಾ ಮಾಡೋ ಬಂಗಲೆ ಅಲ್ಲ, ಬೇಸಾಯದವರು ಹುಟ್ಟಿ ಬೆಳೆದು ಸತ್ತ ಒಕ್ಕಲು ಮನೆ.

ಪ್ರಶ್ನೆ: ಸರ್, ನಮ್ಮ ಫ್ರೆಂಡ್ ಫ್ಯಾಮಿಲಿ ಕೆಂಟ್‌ನಲ್ಲಿ ಒಂದು ಹಳೇ ಫಾರ್ಮ್‌ಹೌಸ್ ತಗೊಳ್ಳೋಕೆ ನೋಡ್ತಿದ್ದಾರೆ. ಏಜೆಂಟ್ 15ನೇ ಶತಮಾನದ್ದು ಅಂತಾನೆ. ನೋಡಿದ್ರೆ ಹೊರಗೆ ಕೆಳಗಡೆ ಇಟ್ಟಿಗೆ, ಮೇಲ್ಗಡೆ ಗೋಡೆಗೆ ಹೆಂಚು ಹೊಡ್ದಿದ್ದಾರೆ, ಕಿಟಕಿ ಮೇಲೆ ಕೆಳಗೆ ಜಾರೋ ಥರದ್ದು, ಒಳಗೆ ಆಳೆತ್ತರದ ಇಟ್ಟಿಗೆ ಒಲೆ. ಇದ್ರಲ್ಲಿ 15ನೇ ಶತಮಾನ ಎಲ್ಲಿದೆ? ಬುರುಡೆ ಬಿಡ್ತಿದ್ದಾನಾ?

ಉತ್ತರ: ಏಜೆಂಟ್‌ಗಳು ಬುರುಡೆ ಬಿಡೋದು ಹೊಸದೇನಲ್ಲ, ಆದ್ರೆ ಈ ಸಲ ಅವನು ಹೇಳ್ತಿರೋದು ನಿಜ ಇರೋ ಚಾನ್ಸ್ ಜಾಸ್ತಿ. ನೀವು ನೋಡಿದ್ದೆಲ್ಲ ಆ ಮನೆಯ ಬಟ್ಟೆ, ಮೈ ಅಲ್ಲ. ಮುಂದಿನ ಸಲ ಹೋದಾಗ ಒಲೆ ಮುಂದೆ ಫೋಟೋ ತೆಗೀತಾ ನಿಲ್ಬೇಡಿ, ಅಟ್ಟಕ್ಕೆ ಹತ್ತೋದು ಎಲ್ಲಿಂದ ಅಂತ ಕೇಳಿ, ಒಂದು ಏಣಿ ಒಂದು ಟಾರ್ಚ್ ಇದ್ರೆ ಸಾಕು. ಮಾಡಿನ ಹಳೇ ಮರಗಳ ಮೇಲೆ ಬೆರಳಾಡಿಸಿ ನೋಡಿ. ಬೆರಳಿಗೆ ಕಪ್ಪು ಮಸಿ ಮೆತ್ಕೊಂಡ್ರೆ ನಿಮ್ಮ ಫ್ರೆಂಡ್‌ಗೆ ಫೋನ್ ಮಾಡಿ ಏಜೆಂಟ್ ಸುಳ್ಳು ಹೇಳಿಲ್ಲ ಅಂತ ಹೇಳ್ಬಿಡಿ.

ಯಾಕೆ ಅಂದ್ರೆ ಇಂಥ ಮನೆ ಕಟ್ಟಿದಾಗ ಅದಕ್ಕೆ ಚಿಮಣಿನೇ ಇರ್ಲಿಲ್ಲ. ನಡುವೆ ಒಂದು ದೊಡ್ಡ ಹಾಲ್, ನೆಲದಿಂದ ಮಾಡಿನ ತನಕ ಪೂರ್ತಿ ಖಾಲಿ, ಮಹಡಿ ಗಿಹಡಿ ಏನಿಲ್ಲ, ನೆಲದ ಮೇಲೇ ಬೆಂಕಿ. ಹೊಗೆ ಮೇಲಕ್ಕೆ ಹೋಗಿ ಮಾಡಿನ ಕೆಳಗೆ ಸುತ್ತಾಡಿ, ಮಾಡಿನ ಎರಡೂ ತುದೀಲಿ ಬಿಟ್ಟಿರೋ ಸಣ್ಣ ಕಿಂಡಿಗಳಿಂದ, ಹೆಂಚಿನ ಇಲ್ಲಾ ಹುಲ್ಲಿನ ಸಂದಿಗಳಿಂದ ನಿಧಾನಕ್ಕೆ ಆಚೆ ಹೋಗೋದು. ಹಾಲ್‌ನ ಒಂದು ತುದೀಲಿ ಯಜಮಾನ ಕೂರೋ ಜಾಗ, ಅದರ ಹಿಂದೆ ಅವನ ಖಾಸಗಿ ಕೋಣೆ, ಮೇಲೊಂದು ಮಲಗೋ ಕೋಣೆ. ಇನ್ನೊಂದು ತುದೀಲಿ ಮುಂಬಾಗಿಲಿಂದ ಹಿಂಬಾಗಿಲಿಗೆ ನೇರ ಹೋಗೋ ಓಣಿ, ಅದರಾಚೆ ಎರಡು ಉಗ್ರಾಣ, ಒಂದ್ರಲ್ಲಿ ಕುಡಿಯೋದು, ಇನ್ನೊಂದ್ರಲ್ಲಿ ತಿನ್ನೋದು. ಕೆಂಟ್, ಸಸೆಕ್ಸ್ ಕಡೆ ಇದೇ ಪ್ಲ್ಯಾನಿನ ಒಂದು ಚೆಂದದ ಮಾದರಿ ಸಿಗುತ್ತೆ, ವೀಲ್ಡನ್ ಹೌಸ್ ಅಂತಾರೆ. ಎರಡೂ ತುದಿಯ ಮೇಲ್ಮಹಡಿ ಮುಂದಕ್ಕೆ ಚಾಚಿಕೊಂಡಿರುತ್ತೆ, ನಡುವಿನ ಹಾಲ್ ಗೋಡೆ ಹಿಂದಕ್ಕೆ ಸರಿದಿರುತ್ತೆ, ಮೇಲೆ ಒಂದೇ ಮಾಡು, ಹಾಗಾಗಿ ನಡುವೆ ಸೂರು ಆಳವಾಗಿ ನೆರಳು ಕೊಡುತ್ತೆ. 1348-49ರ ಪ್ಲೇಗ್ ಆದ್ಮೇಲೆ ಕೂಲಿಗೆ ಜನ ಸಿಗದೆ ಕೂಲಿ ಏರ್ತು, ಉಳಿದವರ ಕೈಗೆ ಜಮೀನು ಬಂತು, ಈ ಕಡೆಯ ರೈತರ ಕೈಯಲ್ಲಿ ನಾಲ್ಕು ಕಾಸು ಆಡ್ತು, ಆ ಕಾಸು ಓಕ್ ಮರ ಆಗಿ ಇನ್ನೂ ನಿಂತಿದೆ.

ಆಮೇಲೆ 16ನೇ ಶತಮಾನ. ಮೊದ್ಲು ಕೆಲವರು ಹಾಲ್‌ನ ಒಂದು ಮಗ್ಗುಲಿಗೆ ತಡಿಕೆ ಅಡ್ಡ ಕಟ್ಟಿ ಹೊಗೆನ ಒಂದೇ ಕಡೆ ಕೂಡಿ ಹಾಕಿದ್ರು. ಆಮೇಲೆ ಇಟ್ಟಿಗೆ ಚಿಮಣಿ ಬಂತು. ಹೊಗೆಗೆ ಅದರದೇ ದಾರಿ ಸಿಕ್ಕಿದ್ಮೇಲೆ ಹಾಲ್ ಅಷ್ಟೆತ್ತರ ಖಾಲಿ ಬಿಟ್ಕೊಂಡು ಯಾರಿಗೇನು ಪ್ರಯೋಜನ ಹೇಳಿ, ಸರಿ ನಡುವೆ ತೊಲೆ ಹಾಕಿ ಜಂತೆ ಜೋಡ್ಸಿ ಮಹಡಿ ಮಾಡ್ಕೊಂಡ್ರು, ಮಹಡಿ ಬಂದ್ಮೇಲೆ ಮೆಟ್ಟಿಲು ಬೇಕು, ಮೇಲಿನ ಕೋಣೆಗೆ ಕಿಟಕಿ ಬೇಕು, ಅಲ್ಲಿಗೂ ಒಂದು ಒಲೆ ಬೇಕು, ಹೀಗೆ ಒಂದು ಚಿಮಣಿ ಇಡೀ ಮನೇನ ತಿರುಗಿಸಿ ಹಾಕ್ತು. ತುಂಬಾ ಕಡೆ ಚಿಮಣಿನ ಆ ಹಳೇ ಓಣಿಯಲ್ಲೇ ತಂದು ನಿಲ್ಲಿಸಿದ್ರು, ಅದಕ್ಕೇ ಇವತ್ತಿಗೂ ಎಷ್ಟೋ ಮನೇಲಿ ಮುಂಬಾಗಿಲು ತೆಗೆದ್ರೆ ಎದುರಿಗೇ ಇಟ್ಟಿಗೆ ಗೋಡೆ, ಎಡಕ್ಕೋ ಬಲಕ್ಕೋ ತಿರುಗಲೇಬೇಕು.

ಎಸೆಕ್ಸ್‌ನ ರಾಡ್‌ವಿಂಟರ್ ಅನ್ನೋ ಊರಿನ ಪಾದ್ರಿ ವಿಲಿಯಂ ಹ್ಯಾರಿಸನ್ 1577ರಲ್ಲಿ ಬರೆದಿದ್ದಾನೆ, ನಮ್ಮೂರ ಮುದುಕರು ತಮ್ಮ ಕಾಲದಲ್ಲಿ ಕಂಡ ದೊಡ್ಡ ಬದಲಾವಣೆ ಅಂತ ಹೇಳೋದು ಮೂರೇ, ಊರ ತುಂಬ ಎದ್ದಿರೋ ಚಿಮಣಿ, ಸುಖವಾದ ಹಾಸಿಗೆ, ಮರದ ತಟ್ಟೆ ಹೋಗಿ ಲೋಹದ ತಟ್ಟೆ ಬಂದಿದ್ದು. ಅದೇ ಹ್ಯಾರಿಸನ್ ಇನ್ನೊಂದು ಕಡೆ ಗೊಣಗ್ತಾನೆ, ಆಗ ಹೊಗೆ ಮನೆಯ ಮರನ ಗಟ್ಟಿ ಮಾಡ್ತಿತ್ತು, ಮನೆಯವರಿಗೆ ನೆಗಡಿ ಬರದ ಹಾಗೆ ನೋಡ್ಕೊಳ್ತಿತ್ತು, ಈಗ ಚಿಮಣಿ ಬಂದು ಎಲ್ರಿಗೂ ಶೀತ ಅಂತ! ಯಾವ ಕಾಲದಲ್ಲೂ ಹಳೇದೇ ಚೆನ್ನಾಗಿತ್ತು ಅನ್ನೋರು ಒಬ್ರು ಇದ್ದೇ ಇರ್ತಾರೆ.

ಇನ್ನು ನಿಮ್ಮ ಇಟ್ಟಿಗೆ, ಹೆಂಚು, ಜಾರೋ ಕಿಟಕಿ. 17ನೇ ಶತಮಾನದಲ್ಲಿ ಹಿಂದ್ಗಡೆ ಒಂದು ಇಳಿಮಾಡು ಎಳೆದು ಅಡಿಗೆ ಮನೆ ಮಾಡ್ಕೊಂಡಿರ್ತಾರೆ, 18ನೇ ಶತಮಾನದಲ್ಲಿ ಮರ ಕಾಣೋದು ಹಳ್ಳಿ ಗುಗ್ಗು ಅನ್ನಿಸಿ ಮುಂದ್ಗಡೆ ಮುಚ್ಚಿರ್ತಾರೆ, ಮೇಲ್ಮಹಡಿ ಚಾಚಿಕೊಂಡಿದ್ದ ಕಡೆ ಅದರ ಕೆಳಗೇ ಇಟ್ಟಿಗೆ ಗೋಡೆ ಎಬ್ಬಿಸಿ ನೆಟ್ಟಗೆ ಮಾಡಿರ್ತಾರೆ. 19ನೇ ಶತಮಾನದಲ್ಲಿ ಸಣ್ಣ ಸಣ್ಣ ಹಿಡುವಳಿಗಳು ಒಂದಾಗಿ ಈ ಮನೆಗಳಿಗೆ ಯಜಮಾನನೇ ಇಲ್ಲದ ಹಾಗಾಗಿ, ಎರಡು ಮೂರು ಭಾಗ ಮಾಡಿ ಕೂಲಿಯವರಿಗೆ ಕೊಟ್ಟಿದ್ದೂ ಉಂಟು, 20ನೇ ಶತಮಾನದಲ್ಲಿ ಪೇಟೆಯಿಂದ ದುಡ್ಡಿರೋರು ಬಂದು ಆ ಗೋಡೆ ಒಡೆದು ಮತ್ತೆ ಒಂದು ಮಾಡಿದ್ದೂ ಉಂಟು. ಅದಕ್ಕೆ ಮನೆ ಯಾವ ಶತಮಾನದ್ದು ಅಂತ ಕೇಳ್ಬೇಡಿ, ಈ ತೊಲೆ ಯಾವಾಗಿನದು, ಆ ಗೋಡೆ ಯಾವಾಗಿನದು ಅಂತ ಒಂದೊಂದಾಗಿ ಕೇಳಿ.

ನಾನು ಮೊದಲ ಸಲ ಅಂಥ ಅಟ್ಟ ಹತ್ತಿದ್ದು ಇನ್ನೂ ಕಣ್ಣ ಮುಂದಿದೆ. ಒಂದು ಕಡೆ ಪ್ಲಾಸ್ಟಿಕ್ ನೀರಿನ ಟ್ಯಾಂಕು, ಅದರ ಪಕ್ಕ ಕ್ರಿಸ್ಮಸ್ ಅಲಂಕಾರದ ಡಬ್ಬಗಳು, ಡಬ್ಬಗಳ ಹಿಂದೆ ಒಂದು ಓಕ್ ಕಂಬ. ಕ್ರೌನ್ ಪೋಸ್ಟ್ ಅಂತಾರೆ, ಅಡ್ಡ ತೊಲೆ ಮೇಲೆ ನಿಂತು ಮಾಡಿನ ಉದ್ದಕ್ಕೆ ಹೋಗೋ ಮರನ ಹೊತ್ತಿರುತ್ತೆ. ಎಂಟು ಮೂಲೆ ಕಂಬ, ಬುಡಕ್ಕೊಂದು ತಲೆಗೊಂದು ಬಳೆ ಥರ ಕೆತ್ತನೆ, ಮೇಲೆಲ್ಲ ಮಸಿ ಹೊಳೀತಿದೆ. ಅಟ್ಟದಲ್ಲಿ ಯಾರು ನೋಡ್ತಾರೆ ಅಂತ ಇಷ್ಟು ಕೆತ್ತಿದ್ರು ಅನ್ನಿಸ್ತು, ಒಂದು ನಿಮಿಷ ಬಿಟ್ಟು ಹೊಳೀತು, ಅದು ಅಟ್ಟ ಅಲ್ಲ, ಕೆಳಗೆ ಹಾಲ್‌ನಲ್ಲಿ ಕೂತು ತಲೆ ಎತ್ತಿದವರಿಗೆ ಕಾಣ್ಲಿ ಅಂತಲೇ ಮಾಡಿದ್ದು. ಆ ಅಟ್ಟದ ಅಡ್ಡಗೋಡೆಯ ಹಾಲ್ ಕಡೆಯ ಮಗ್ಗುಲು ಕರ್ರಗೆ, ಆ ಕಡೆಯ ಮಗ್ಗುಲು ಶುದ್ಧ ಮರದ ಬಣ್ಣ. ಹೊಗೆ ಎಲ್ಲಿ ತನಕ ಬಂತು, ಎಲ್ಲಿ ನಿಲ್ತು ಅನ್ನೋದನ್ನ ಗೆರೆ ಎಳೆದು ತೋರಿಸಿದ ಹಾಗಿತ್ತು.

ಪ್ರಶ್ನೆ: ನಾವು ಬಾಡಿಗೆಗಿರೋ ಮನೆ ತೊಲೆಗಳಲ್ಲಿ ಸುಮ್ಮಸುಮ್ಮನೆ ತೂತುಗಳಿವೆ, ಏನೂ ಸಿಕ್ಕಿಸಿಲ್ಲ. ಓನರ್ ಇವು ಹಳೇ ಹಡಗಿನ ಮರ, ಸ್ಪೇನಿನ ಜೊತೆ ಯುದ್ಧದಲ್ಲಿ ಮುಳುಗಿದ ಹಡಗುಗಳದ್ದು ಅಂತಾರೆ. ಹೌದಾ?

ಉತ್ತರ: ಈ ಹಡಗಿನ ಕಥೆ ಹೇಳದ ಓನರ್ ನನಗೆ ಇನ್ನೂ ಸಿಕ್ಕಿಲ್ಲ. ಸಮುದ್ರ ಕಾಣದ ಊರಲ್ಲೂ ಇದೇ ಕಥೆ. ಯೋಚ್ನೆ ಮಾಡಿ, ಸ್ಪೇನಿನ ನೌಕಾಪಡೆ ಬಂದಿದ್ದು 1588ರಲ್ಲಿ, ಎಷ್ಟೋ ಮನೆಗಳು ಅದಕ್ಕಿಂತ ನೂರಿನ್ನೂರು ವರ್ಷ ಮೊದ್ಲೇ ಕಟ್ಟಿದ್ದು. ಇನ್ನೊಂದು, ಬಡಗಿಗಳು ಆಗ ಕೆಲಸ ಮಾಡ್ತಿದ್ದಿದ್ದು ಕಡಿದು ಹೆಚ್ಚು ದಿನ ಆಗದ ಹಸಿ ಓಕ್‌ನಲ್ಲಿ. ವರ್ಷಗಟ್ಟಲೆ ಒಣಗಿದ ಓಕ್ ಕಲ್ಲಿನ ಥರ, ಉಳಿ ಇಳಿಯಲ್ಲ, ಹಡಗಿನ ಮರ ತಂದು ಇಡೀ ಮನೆ ಚೌಕಟ್ಟು ಕೊರೆಯೋ ಹುಚ್ಚು ಯಾರಿಗೂ ಇರ್ಲಿಲ್ಲ.

ತೂತುಗಳಿಗೆ ಕಾರಣ ಬೇರೆ. ಅಲ್ಲಿ ಮೊದ್ಲು ಒಂದು ಕಂಬವೋ ಓರೆ ಆಸರೆಯೋ ಇತ್ತು, ಬಾಗಿಲು ಮಾಡೋಕೆ ಕಿತ್ರು, ಕೀಲಿನ ತೂತು ಉಳೀತು. ಇಲ್ಲಾ ಆ ತೊಲೆ ಬೇರೆ ಯಾವುದೋ ಬಿದ್ದುಹೋದ ಮನೆಯದು, ಕಣಜದ್ದು, ಮತ್ತೆ ಬಳಸಿದ್ದಾರೆ. ಒಂದು ಕೆಲಸ ಮಾಡಿ, ಕಿಟಕಿ ಇರಬಹುದಾದ ಜಾಗದ ಮೇಲಿನ ತೊಲೆಯ ಅಡಿಭಾಗ ನೋಡಿ. ಅಲ್ಲಿ ಸಾಲಾಗಿ ವಜ್ರದಾಕಾರದ ಸಣ್ಣ ಗುಳಿಗಳಿದ್ರೆ ಅದೇ ಹಳೇ ಕಿಟಕಿ, ಗಾಜಿಲ್ಲ, ಚೌಕ ಸರಳುಗಳನ್ನ ಮೂಲೆ ಮುಂದೆ ಮಾಡಿ ನಿಲ್ಲಿಸ್ತಿದ್ರು, ರಾತ್ರಿಗೆ ಮರದ ಪಡಿ. ಗಾಜು ಆಗ ಎಷ್ಟು ದುಬಾರಿ ಅಂದ್ರೆ 16ನೇ ಶತಮಾನದಲ್ಲೂ ಅದನ್ನ ಮನೆಯ ಭಾಗ ಅನ್ನದೆ ಮಂಚ ಪಾತ್ರೆ ಥರ ಉಯಿಲಲ್ಲಿ ಬೇರೆ ಬರೆದುಕೊಟ್ಟವರಿದ್ದಾರೆ.

ಪ್ರಶ್ನೆ: ಮನೆ ಹೀಗೆ ಒಂದು ಕಡೆಗೆ ವಾಲಿದ್ರೂ ಜನ ಹೇಗ್ರೀ ನೆಮ್ಮದಿಯಾಗಿ ಮಲಗ್ತಾರೆ? ನನಗಂತೂ ಫೋಟೋ ನೋಡಿದ್ರೇ ಭಯ.

ಉತ್ತರ: ವಾಲಿದ್ದು ಹೆಚ್ಚಿನ ಪಾಲು ನಿಮ್ಮ ಅಜ್ಜನ ಅಜ್ಜನ ಕಾಲಕ್ಕಿಂತ ಮುಂಚೆ. ಹಸಿ ಮರ ಒಣಗ್ತಾ ಕುಗ್ಗುತ್ತೆ, ತಿರುಚುತ್ತೆ, ಕೀಲುಗಳು ಅದರ ಜೊತೆ ಸರಿದು ಒಂದು ಕಡೆ ಕೂತ್ಕೊಳ್ತವೆ. ಮೊಳೆ ಇಲ್ಲ, ಓಕ್ ಗೂಟ ಅಷ್ಟೇ, ಅದ್ರಲ್ಲೂ ಒಂದು ಜಾಣತನ ಇದೆ, ಎರಡು ಮರದ ತೂತುಗಳನ್ನ ಬೇಕಂತಲೇ ಚೂರು ಆಚೀಚೆ ಕೊರೀತಾರೆ, ಗೂಟ ಹೊಡೆದಾಗ ಅದು ಎರಡನ್ನೂ ಎಳೆದು ಬಿಗಿ ಮಾಡುತ್ತೆ. ಚೌಕಟ್ಟನ್ನ ಮೊದ್ಲು ಅಂಗಳದಲ್ಲಿ ಮಲಗಿಸಿ ಜೋಡಿಸಿ ನೋಡಿ, ಕೀಲು ಕೀಲಿಗೆ ರೋಮನ್ ಅಂಕಿ ಗೀಚಿ, ಬಿಚ್ಚಿ ಗಾಡೀಲಿ ತಂದು ನಿಲ್ಲಿಸ್ತಿದ್ರು, ಆ ಅಂಕಿಗಳು ಇನ್ನೂ ಕಾಣ್ತವೆ, ನಾಲ್ಕಕ್ಕೆ ನಾಲ್ಕು ಗೆರೆ ಎಳೆದಿರ್ತಾರೆ. ಹಳೇ ವಾಲು ಬಿಡಿ. ಹೊಸದಾಗಿ ಬಾಗಿಲು ಹಿಡಿಯೋಕೆ ಶುರು ಆದ್ರೆ, ಗಾರೆ ಹೊಸದಾಗಿ ಬಿರುಕು ಬಿಟ್ರೆ ಆಗ ಭಯ ಪಡಿ.

ಪ್ರಶ್ನೆ: ಸಿಂಗಲ್ಟನ್‌ನ ವೀಲ್ಡ್ ಆಂಡ್ ಡೌನ್‌ಲ್ಯಾಂಡ್ ಮ್ಯೂಸಿಯಂನಲ್ಲಿ ಬೇಲೀಫ್ ಅನ್ನೋ ಮನೆ ನೋಡಿದ್ವಿ. ನಿಜವಾದ ಹಳೇದಾ, ಟೂರಿಸ್ಟ್‌ಗಳಿಗೆ ಕಟ್ಟಿದ್ದಾ? ಆ ಹೊಗೇಲಿ ಮಕ್ಕಳು ಮರಿ ಹೇಗಿರ್ತಿದ್ರು?

ಉತ್ತರ: ನಿಜವಾದ್ದು, ಜಾಗ ಬದಲಾಗಿದೆ ಅಷ್ಟೇ. ಅದು ಕೆಂಟ್‌ನ ಚಿಡಿಂಗ್‌ಸ್ಟೋನ್‌ನಲ್ಲಿತ್ತು, 1960ರ ದಶಕದ ಕೊನೇಲಿ ಅಲ್ಲಿ ಬೌ ಬೀಚ್ ಜಲಾಶಯ ಕಟ್ಟೋವಾಗ ಬಿಚ್ಚಿ ತಂದು ಪಶ್ಚಿಮ ಸಸೆಕ್ಸ್‌ನಲ್ಲಿ ಮತ್ತೆ ಜೋಡಿಸಿದ್ರು. ಅದೂ ಒಂದೇ ಸಲ ಕಟ್ಟಿದ್ದಲ್ಲ, ಹಾಲ್ ಮತ್ತೆ ಉಗ್ರಾಣದ ತುದಿ 15ನೇ ಶತಮಾನದ ಮೊದಲ ಭಾಗದ್ದು, ಯಜಮಾನನ ಕಡೆಯ ತುದಿ ಸುಮಾರು 1509ರದ್ದು. ಮ್ಯೂಸಿಯಂನವರು 1540ರ ಹೊತ್ತಿಗೆ ಹೇಗಿತ್ತೋ ಹಾಗೆ ತೋರಿಸ್ತಾರೆ, ಚಿಮಣಿ ಬರೋ ಮುಂಚೆ.

ಹೊಗೆ ವಿಷ್ಯ. ಒಣಗಿದ ಸೌದೆ, ಸಣ್ಣ ಬೆಂಕಿ ಇದ್ರೆ ಹೊಗೆ ತಲೆಗಿಂತ ಎಷ್ಟೋ ಮೇಲೆ ಚಪ್ಪರದ ಥರ ನಿಲ್ಲುತ್ತೆ, ಕೂತವರಿಗೆ ತೊಂದ್ರೆ ಕಮ್ಮಿ. ಅದಕ್ಕೇ ಆ ಕಾಲದ ಸ್ಟೂಲು ಬೆಂಚು ಎಲ್ಲ ಗಿಡ್ಡ ಇದ್ದಿದ್ದು ಒಳ್ಳೇದೇ ಆಯ್ತು ಅಂತ ನನಗನ್ಸುತ್ತೆ. ಗಾಳಿ ತಿರುಗಿದ ದಿನ ಮಾತ್ರ ದೇವರೇ ಗತಿ. ಅಲ್ಲಿಂದ ಪೂರ್ವ ಸಸೆಕ್ಸ್ ಕಡೆ ಹೋದ್ರೆ ಆಲ್‌ಫ್ರಿಸ್ಟನ್‌ನಲ್ಲಿ ಪಾದ್ರಿ ಮನೆ ಇದೆ, 14ನೇ ಶತಮಾನದ್ದು, ಅದನ್ನೂ ನೋಡಿ, ಹಳೇ ಜಾಗಗಳನ್ನ ಕಾಪಾಡೋ ನ್ಯಾಷನಲ್ ಟ್ರಸ್ಟ್ ಸಂಸ್ಥೆ ಮೊಟ್ಟಮೊದಲು ಕೊಂಡ ಕಟ್ಟಡ, 1896ರಲ್ಲಿ ಬರೀ 10 ಪೌಂಡಿಗೆ! ಹಾಲ್ ನೆಲ ಸೀಮೆಸುಣ್ಣದ ಕಲ್ಲು ಕುಟ್ಟಿ ಹುಳಿ ಹಾಲು ಸುರಿದು ಗಟ್ಟಿ ಮಾಡಿದ್ದು. ಮುಟ್ಟಿ ನೋಡಿ, ತಣ್ಣಗಿರುತ್ತೆ.

ಪ್ರಶ್ನೆ: ನಮ್ಮ ಮನೆ ಮುಂದ್ಗಡೆ ಗೋಡೆ ಇಟ್ಟಿಗೆ ಅಂದ್ಕೊಂಡಿದ್ವಿ, ಡ್ರಿಲ್ ಮಾಡಿದ್ರೆ ಒಳಗೆ ಮರ! ಇಟ್ಟಿಗೆ ಟ್ಯಾಕ್ಸ್ ತಪ್ಪಿಸೋಕೆ ಹೀಗೆ ಮಾಡ್ತಿದ್ರು ಅಂತ ಪಕ್ಕದ ಮನೆಯವರು ಅಂದ್ರು.

ಉತ್ತರ: ಅದು ಇಟ್ಟಿಗೆ ಅಲ್ಲ, ಇಟ್ಟಿಗೆ ವೇಷದ ಹೆಂಚು, ಮ್ಯಾಥಮ್ಯಾಟಿಕಲ್ ಟೈಲ್ ಅಂತ ಹೆಸರು. ಒಂದರ ಮೇಲೊಂದು ಕೂರೋ ಹಾಗೆ ಮಾಡಿ ಮರದ ಚೌಕಟ್ಟಿಗೆ ಹೊಡ್ದು ಸಂದಿಗೆ ಗಾರೆ ತುಂಬಿದ್ರೆ ಥೇಟ್ ಇಟ್ಟಿಗೆ ಗೋಡೆ. ಬೆರಳ ಗೆಣ್ಣಲ್ಲಿ ತಟ್ಟಿದ್ರೆ ಟೊಳ್ಳು ಸದ್ದು ಬರುತ್ತೆ, ಮೂಲೆಗಳಲ್ಲಿ ಗುಟ್ಟು ರಟ್ಟಾಗುತ್ತೆ, ಅದಕ್ಕೇ ಅಲ್ಲಿ ಒಂದು ಮರದ ಪಟ್ಟಿ ಹೊಡ್ದಿರ್ತಾರೆ. ಟ್ಯಾಕ್ಸ್ ಕಥೆ ನಂಬೋ ಹಾಗಿಲ್ಲ. ಇಟ್ಟಿಗೆ ಮೇಲೆ ತೆರಿಗೆ 1784ರಲ್ಲಿ ಬಂತು ನಿಜ, ಅದೇ ವರ್ಷ ಹೆಂಚಿಗೂ ಹಾಕಿದ್ರು, ಮೇಲಾಗಿ ಈ ಹೆಂಚು ತೆರಿಗೆಗಿಂತ ಮೊದ್ಲೇ ಇತ್ತು. ಫ್ಯಾಷನ್ ರೀ, ಅಷ್ಟೇ. ಇನ್ನು ಡ್ರಿಲ್ ಕೆಳಗಿಡಿ, ದಯವಿಟ್ಟು.

ಪ್ರಶ್ನೆ: ಗೋಡೆ ಒದ್ದೆ ಆಗ್ತಿದೆ. ಬಿಲ್ಡರ್ ಹೊರಗಡೆ ಸಿಮೆಂಟ್ ಗಾರೆ ಹೊಡೆದು ವಾಟರ್‌ಪ್ರೂಫ್ ಪೇಂಟ್ ಮಾಡಿದ್ರೆ ಜೀವಮಾನ ಪೂರ್ತಿ ಚಿಂತೆ ಇಲ್ಲ ಅಂತಾನೆ.

ಉತ್ತರ: ಚಿಂತೆ ಇರಲ್ಲ, ಯಾಕಂದ್ರೆ ಚಿಂತೆ ಮಾಡೋಕೆ ಮನೇನೇ ಇರಲ್ಲ! ಬೇಡ, ಖಂಡಿತ ಬೇಡ. ಇಂಥ ಗೋಡೆ ಅಂದ್ರೆ ಓಕ್ ಚೌಕಟ್ಟಿನ ನಡುವೆ ಓಕ್ ಕಡ್ಡಿ ನಿಲ್ಲಿಸಿ, ಹೇಜಲ್ ಗಿಡದ ಕೋಲು ಹೆಣೆದು, ಜೇಡಿಮಣ್ಣು ಹುಲ್ಲು ಸಗಣಿ ಕಲಸಿ ಮೆತ್ತಿ, ಮೇಲೆ ಸುಣ್ಣ ಬಳಿದಿದ್ದು. ಮಳೆ ಬಂದ್ರೆ ಸ್ವಲ್ಪ ನೀರು ಕುಡಿಯುತ್ತೆ, ಬಿಸಿಲು ಗಾಳಿಗೆ ಬಿಟ್ಟುಕೊಡುತ್ತೆ, ಹೀಗೇ ಐನೂರು ವರ್ಷ ನಿಂತಿದೆ. ಸಿಮೆಂಟ್ ಬಗ್ಗಲ್ಲ, ಮರ ಸುಮ್ನಿರಲ್ಲ, ಎರಡರ ನಡುವೆ ಕೂದಲೆಳೆ ಬಿರುಕು ಬಿಡುತ್ತೆ, ನೀರು ಒಳಗೆ ಹೋಗುತ್ತೆ, ಆಚೆ ಬರೋಕೆ ದಾರಿ ಇಲ್ಲ. ಒಂದು ಮನೇಲಿ ಅಂಥ ಸಿಮೆಂಟ್ ಚಕ್ಕೆ ಎಬ್ಬಿಸಿದ್ರೆ ಅದರ ಹಿಂದೆ ಇದ್ದ ತಳದ ತೊಲೆ, ಇಡೀ ಚೌಕಟ್ಟು ಕೂರೋ ತೊಲೆ ಅದು, ಒದ್ದೆ ಕೇಕ್ ಥರ ಆಗಿ ಚಮಚದಲ್ಲಿ ಬಾಚೋ ಹಾಗಿತ್ತು. ಇಂಥ ಒದ್ದೆ ಮರ ಅಂದ್ರೆ ಮರ ಕೊರೆಯೋ ಡೆತ್‌ವಾಚ್ ಹುಳಕ್ಕೆ ಹಬ್ಬ. ಸುಣ್ಣದ ಗಾರೆ ಬರೋ ಕೆಲಸಗಾರನ್ನ ಹುಡುಕಿ, ಅದಕ್ಕೂ ಮೊದ್ಲು ಸೂರಿನ ನೀರು ಹೋಗೋ ಪೈಪ್ ಎಲ್ಲಾದ್ರೂ ಒಡೆದಿದೆಯಾ ನೋಡಿ, ಹತ್ತರಲ್ಲಿ ಎಂಟು ಸಲ ಅದೇ ಇರುತ್ತೆ. ಹಾಗೇ ಮರಕ್ಕೆ ಕಪ್ಪು ಪೇಂಟ್ ಹೊಡೀತೀನಿ ಅಂದ್ರೂ ಒಪ್ಪಬೇಡಿ, ಆ ಕಪ್ಪು ಬಿಳುಪು ವೇಷ ಬಹುಪಾಲು ವಿಕ್ಟೋರಿಯಾ ಕಾಲದ ಶೋಕಿ, ಈ ಆಗ್ನೇಯ ಭಾಗದಲ್ಲಂತೂ ಓಕ್‌ನ ಹಾಗೇ ಬಿಡ್ತಿದ್ರು, ಇಲ್ಲಾ ಮಣ್ಣಿನ ಜೊತೆ ಮರಕ್ಕೂ ಸೇರಿಸಿ ಸುಣ್ಣ ಬಳೀತಿದ್ರು.

ಪ್ರಶ್ನೆ: ಒಲೆ ಮೇಲಿನ ತೊಲೆಯಲ್ಲಿ ಕಣ್ಣೀರ ಹನಿ ಆಕಾರದ ಸುಟ್ಟ ಗುರುತು, ಕೈವಾರದಲ್ಲಿ ಎಳೆದ ಹೂವಿನ ಥರದ ಗೆರೆ ಇದೆ. ಮಾಟ ಮಂತ್ರನಾ?

ಉತ್ತರ: ಮಾಟಕ್ಕೆ ತಡೆ. ಮನೆಗೆ ಬಾಗಿಲಿಗೆ ಚಿಲಕ ಹಾಕಬಹುದು, ಚಿಮಣಿಗೆ? ಅದು ಯಾವಾಗ್ಲೂ ತೆರೆದೇ ಇರುತ್ತೆ, ಕೆಟ್ಟದ್ದು ಅಲ್ಲಿಂದ ಇಳೀಬಾರ್ದು ಅಂತ ಒಲೆ ಸುತ್ತ ಗುರುತು ಮಾಡ್ತಿದ್ರು ಅನ್ನೋದು ತುಂಬಾ ಜನ ಒಪ್ಪೋ ಮಾತು. ಹನಿ ಗುರುತು ಮೇಣದಬತ್ತಿ ಮರೆತು ಆಗಿದ್ದಲ್ಲ, ಉರಿನ ಓರೆಯಾಗಿ ಹಿಡಿದು ಬೇಕಂತಲೇ ಸುಟ್ರೆ ಮಾತ್ರ ಆ ಆಕಾರ ಬರುತ್ತೆ. ಚಿಮಣಿ ಸಂದಿಯಲ್ಲಿ ಸವೆದ ಒಂಟಿ ಶೂ ಬಚ್ಚಿಡೋದೂ ಇತ್ತು, ನಾರ್ಥಾಂಪ್ಟನ್ ಮ್ಯೂಸಿಯಂನವರು ಅಂಥ ಶೂಗಳದ್ದೇ ಒಂದು ಪಟ್ಟಿ ಇಟ್ಟಿದ್ದಾರೆ. ಸಿಕ್ರೆ ಎಸೀಬೇಡಿ. ಗುರುತನ್ನ ಸ್ಯಾಂಡ್‌ಪೇಪರ್ ಹಾಕಿ ಉಜ್ಜಬೇಡಿ.

ಪ್ರಶ್ನೆ: ನಿಮ್ಮ ಬರಹ ಓದಿ ಓದಿ ಆಸೆ ಆಗಿದೆ. ನಮ್ಮ ಮನೇಲೂ ನಡುವಿನ ಮಹಡಿ ಕಿತ್ತು, ಚಿಮಣಿ ತೆಗೆದು ಮೊದಲಿನ ಹಾಗೆ ಎತ್ತರದ ಹಾಲ್ ಮಾಡ್ಬಹುದಾ?

ಉತ್ತರ: ತಪ್ಪು ನಂದೇ. ಮೊದ್ಲು ಕಾನೂನು ಹೇಳ್ಬಿಡ್ತೀನಿ. 1700ಕ್ಕಿಂತ ಹಿಂದಿನ ಮನೆ ಹೆಚ್ಚುಕಮ್ಮಿ ಮೂಲ ಸ್ಥಿತಿಯಲ್ಲಿ ಉಳಿದಿದ್ರೆ ಸಾಮಾನ್ಯವಾಗಿ ಲಿಸ್ಟೆಡ್ ಆಗಿರುತ್ತೆ, ಅಂದ್ರೆ ಕಾನೂನಿನ ರಕ್ಷಣೆ ಇರೋ ಕಟ್ಟಡಗಳ ಪಟ್ಟೀಲಿ ಇರುತ್ತೆ, ಅಲ್ಲಿನ ಸ್ಥಳೀಯ ಕೌನ್ಸಿಲ್ ಒಪ್ಪಿಗೆ ಇಲ್ದೆ ಅದರ ಸ್ವರೂಪ ಬದಲಾಯಿಸೋದು ಅಪರಾಧ, ದಂಡ ಅಷ್ಟೇ ಅಲ್ಲ, ಜೈಲೂ ಆಗ್ಬಹುದು. ಮತ್ತೆ ತಗೊಳ್ಳೋರು ಗಮನಿಸಿ, ಹಿಂದಿನ ಓನರ್ ಕದ್ದುಮುಚ್ಚಿ ಮಾಡಿದ ಕೆಲಸ ಸರಿ ಮಾಡಿ ಅಂತ ನೋಟಿಸ್ ಈಗಿನ ಓನರ್‌ಗೇ ಬರುತ್ತೆ, ಅದಕ್ಕೆ ಇಷ್ಟು ವರ್ಷ ಅನ್ನೋ ಮಿತಿನೂ ಇಲ್ಲ.

ನೀವು ಹೇಳಿದ್ದನ್ನ ಮಾಡಿದವರು ಇದ್ದಾರೆ. ಪೂರ್ವ ಸಸೆಕ್ಸ್‌ನ ಗ್ರೇಟ್ ಡಿಕ್ಸ್‌ಟರ್ ಅನ್ನೋ 15ನೇ ಶತಮಾನದ ಮನೇನ ನಥಾನಿಯಲ್ ಲಾಯ್ಡ್ 1910ರಲ್ಲಿ ಕೊಂಡ, ಆರ್ಕಿಟೆಕ್ಟ್ ಎಡ್ವಿನ್ ಲಟ್ಯೆನ್ಸ್ ಹಾಲ್‌ನಲ್ಲಿ ಆಮೇಲೆ ಸೇರಿಸಿದ್ದ ಮಹಡಿ ತೆಗೆಸಿ ಮತ್ತೆ ಮಾಡಿನ ತನಕ ತೆರೆದ, ಅಷ್ಟು ಸಾಲದು ಅಂತ ಕೆಂಟ್‌ನ ಬೆನೆಂಡನ್‌ನಿಂದ ಇನ್ನೊಂದು ಹಳೇ ಮರದ ಮನೆ ಬಿಚ್ಚಿ ತಂದು ಪಕ್ಕಕ್ಕೆ ಜೋಡಿಸಿದ. ನೋಡೋಕೆ ಅದ್ಭುತ, ನಾನೂ ಬಾಯಿ ಬಿಟ್ಕೊಂಡು ನೋಡಿದ್ದೀನಿ. ಆದ್ರೆ 1877ರಲ್ಲಿ ವಿಲಿಯಂ ಮಾರಿಸ್ ಹಳೇ ಕಟ್ಟಡಗಳ ರಕ್ಷಣೆಗೆ ಸೊಸೈಟಿ ಕಟ್ಟಿದ್ದು ಇದೇ ಚಾಳಿ ವಿರುದ್ಧ, ಹಳೇ ಚರ್ಚುಗಳನ್ನ ಮೂಲರೂಪಕ್ಕೆ ತರ್ತೀವಿ ಅಂತ ನಡುವಿನ ಶತಮಾನಗಳನ್ನ ಕೆರೆದು ಎಸೀತಿದ್ರು. ನಾನು ಮಾರಿಸ್ ಕಡೆ. ನೀವು ಕೀಳ್ಬೇಕು ಅಂತಿರೋ ಮಹಡಿಗೇ ನಾನೂರು ಚಿಲ್ಲರೆ ವರ್ಷ ಆಗಿರಬಹುದು, ಅದನ್ನ ಹಾಕಿದವರು ಹೊಗೆ ತಪ್ಪಿತು, ಮೇಲೆ ಬೆಚ್ಚಗೆ ಮಲಗಬಹುದು ಅಂತ ಖುಷಿಯಿಂದ ಹಾಕ್ಸಿದ್ದು, ಅವರದೂ ಮನೆ ತಾನೆ. ಮೇಲಾಗಿ ಅಷ್ಟೆತ್ತರದ ಹಾಲ್‌ಗೆ ಹೀಟಿಂಗ್ ಬಿಲ್ ಎಷ್ಟು ಬರುತ್ತೆ ಅಂತ ಒಂದು ಸಲ ಲೆಕ್ಕ ಹಾಕಿ.

ಕ್ರೌನ್ ಪೋಸ್ಟ್ ನೋಡ್ಬೇಕು ಅನ್ನಿಸಿದಾಗ ಏಣಿ ಹತ್ತಿ. ಕ್ರಿಸ್ಮಸ್ ಡಬ್ಬ ಪಕ್ಕಕ್ಕೆ ಸರಿಸೋಕೆ ಯಾವ ಕೌನ್ಸಿಲ್ ಒಪ್ಪಿಗೇನೂ ಬೇಡ.